ತಿರುಗುವ ಪರದೆಯ ದುಡ್ಡು ಎಲ್ಲಿಂದ ಬಂತು?

ಕಾಲೇಜು ಶುರುವಾಗುವ ಹೊತ್ತೇ ಲ್ಯಾಪ್‌ಟಾಪ್ ಕೊಳ್ಳುವ ಹೊತ್ತು. ಬಿಡಿಸಿದರೆ ಲ್ಯಾಪ್‌ಟಾಪ್, ಹಿಂದಕ್ಕೆ ಮಡಚಿದರೆ ಟ್ಯಾಬ್! ಅದೂ 50 ಸಾವಿರದೊಳಗೆ! ಆದರೆ ಅದೇ ಬೆಲೆಯಲ್ಲಿ ಟಚ್, ಗಾಜು, ಸುತ್ತು ತಿರುಗುವ ಹಿಂಜ್ ಎಲ್ಲವನ್ನೂ ಸೇರಿಸಬೇಕಾದರೆ ಇನ್ನೆಲ್ಲೋ ಕತ್ತರಿ ಬಿದ್ದಿರಲೇಬೇಕು. ಅದು ಎಲ್ಲಿ ಬಿದ್ದಿದೆ ಎಂಬುದನ್ನು ದುಡ್ಡು ಕೊಡುವ ಮುಂಚೆ, ಅಂಗಡಿಯಲ್ಲೇ ಪತ್ತೆ ಹಚ್ಚಬಹುದು.

ಜೂನ್ ತಿಂಗಳ ಶನಿವಾರದ ಮಧ್ಯಾಹ್ನ. ಬೆಂಗಳೂರಿನ ಟೌನ್‌ಹಾಲ್ ಬಳಿಯಿಂದ ಎಸ್.ಪಿ. ರೋಡಿಗೆ ಹೊಕ್ಕರೆ ಕಾಲಿಡಲು ಜಾಗವಿಲ್ಲ. ತಳ್ಳುಗಾಡಿಗಳ ಮೇಲೆ ಪ್ರಿಂಟರ್ ಪೆಟ್ಟಿಗೆಗಳು, ತಲೆಯ ಮೇಲೆ ವೈರುಗಳ ಜಾಲ, ಎರಡು ಬದಿಯಲ್ಲೂ ‘ಬನ್ನಿ ಸಾರ್, ಲ್ಯಾಪ್‌ಟಾಪಾ, ಸಿಸಿಟಿವಿನಾ?’ ಎಂಬ ಕೂಗು. ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ಮೊದಲ ಮಹಡಿಯಲ್ಲೊಂದು ಅಂಗಡಿ. ಕೌಂಟರಿನ ಮುಂದೆ ಅಪ್ಪ, ಮಗಳು. ಅಪ್ಪನ ಕಂಕುಳಲ್ಲಿ ಬಟ್ಟೆಯ ಚೀಲ. ಮಗಳಿಗೆ ಆರ್ಕಿಟೆಕ್ಚರ್ ಸೀಟು ಸಿಗುವ ಅಂದಾಜಿದೆ.

ಅಂಗಡಿಯ ಹುಡುಗ ಒಂದು ಲ್ಯಾಪ್‌ಟಾಪ್ ತೆರೆದು, ಪರದೆಯನ್ನು ಹಿಂದಕ್ಕೆ ಒಂದು ಸುತ್ತು ಸುತ್ತಿಸಿ, ಗುಡಾರದ ಹಾಗೆ ಕೌಂಟರಿನ ಮೇಲೆ ನಿಲ್ಲಿಸಿದ. ‘ತ್ರೀ ಸಿಕ್ಸ್‌ಟಿ ಸಾರ್. ಈಗ ಇದೇ ಓಡ್ತಿರೋದು.’

‘ಇದರ ಮೇಲೆ ಬರೀಬಹುದೇನಪ್ಪಾ?’ ಅಪ್ಪ ಕೇಳಿದರು.

‘ಆರಾಮಾಗಿ. ಟಚ್ ಇದೆಯಲ್ಲ ಸಾರ್.’

‘ಪೆನ್ ಜೊತೆಗೇ ಕೊಡ್ತೀರಾ ಅಣ್ಣ?’ ಮಗಳ ಪ್ರಶ್ನೆ.

‘ಪೆನ್ ಬೇರೆ ತಗೋಬೇಕಮ್ಮ. ಯಾವ್ದಾದ್ರೂ ನಡೆಯುತ್ತೆ.’

ಹುಡುಗ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅವನಿಗೆ ಯಾರೂ ಬೇರೆ ರೀತಿ ಹೇಳಿಕೊಟ್ಟಿಲ್ಲ. ಆದರೆ ಟಚ್ ಇದ್ದ ಮಾತ್ರಕ್ಕೆ ಬರೆಯಲು ಆಗುತ್ತದೆ ಎನ್ನುವಂತಿಲ್ಲ. ಯಾವ ಪೆನ್ ಆದರೂ ನಡೆಯುತ್ತದೆ ಎಂಬುದಂತೂ ಖಂಡಿತ ತಪ್ಪು. ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದೋ, ಅಪ್ಪ ಹೊಟ್ಟೆಬಟ್ಟೆ ಕಟ್ಟಿಯೋ ಕೂಡಿಟ್ಟ ದುಡ್ಡು ಇಂಥ ಎರಡು ಮಾತಿನ ಮೇಲೆ ಕೈದಾಟಿ ಹೋಗುತ್ತದೆ.

ಒಂದೇ ಬೆಲೆ, ಎರಡು ಯಂತ್ರ

ಒಂದೇ ಕಂಪನಿಯ, ಒಂದೇ ಬೆಲೆಯ ಎರಡು ಲ್ಯಾಪ್‌ಟಾಪ್‌ಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಒಂದು ಮಾಮೂಲಿ, ಇನ್ನೊಂದು ಕನ್ವರ್ಟಿಬಲ್. ಎರಡನೆಯದರಲ್ಲಿ ಬೆರಳನ್ನು ಗುರುತಿಸುವ ಟಚ್ ಪದರ, ಅದರ ಮೇಲೆ ಗಾಜು, ಪೂರ್ತಿ ಸುತ್ತು ತಿರುಗುವ ಹಿಂಜ್, ಪರದೆ ಯಾವ ಕೋನದಲ್ಲಿದೆ ಎಂದು ತಿಳಿಯುವ ಸೆನ್ಸರ್‌ಗಳು ಇವೆ. ಇವುಗಳಿಗೆಲ್ಲ ಖರ್ಚಿದೆ. ಆದರೂ ಬೆಲೆ ಮಾತ್ರ ಒಂದೇ.

ಹಾಗಾದರೆ ಆ ದುಡ್ಡು ಎಲ್ಲಿಂದ ಬಂತು? ಬಹುತೇಕ ನಾಲ್ಕು ಕಡೆಯಿಂದ: ಒಂದೆರಡು ತಲೆಮಾರು ಹಿಂದಿನ ಪ್ರೊಸೆಸರ್, ಕಡಿಮೆ ರ‍್ಯಾಮ್, ಸಣ್ಣ ಅಥವಾ ನಿಧಾನದ ಸ್ಟೋರೇಜ್, ಮಂಕು ಪರದೆ. ಬಾಡಿ ಪ್ಲಾಸ್ಟಿಕ್ ಆಗಿದ್ದರೆ ಐದನೆಯದೂ ಇದೆ ಎಂದು ತಿಳಿಯಿರಿ. ಇದನ್ನು ಮೋಸ ಎನ್ನಲಾಗದು. ಕಾರ್ಖಾನೆಯ ಲೆಕ್ಕವೇ ಹಾಗೆ. ಪೆಟ್ಟಿಗೆಯ ಮೇಲೆ ‘360’ ಎಂದು ದಪ್ಪ ಅಕ್ಷರದಲ್ಲಿ ಬರೆಯುವ ಕಂಪನಿ, ಪರದೆ ಎಷ್ಟು ಮಂಕು ಎಂಬುದನ್ನು ಅಷ್ಟೇ ದಪ್ಪಗೆ ಬರೆಯುವುದಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.

ಈ ಯಂತ್ರದ ಹುಟ್ಟು ತೀರಾ ಹಳೆಯದಲ್ಲ. 2002ರಲ್ಲಿ ಮೈಕ್ರೊಸಾಫ್ಟ್ ‘ಟ್ಯಾಬ್ಲೆಟ್ ಪಿಸಿ’ ಹೆಸರಿನಲ್ಲಿ ಪೆನ್ನಿನ ಲ್ಯಾಪ್‌ಟಾಪುಗಳನ್ನು ಮಾರುಕಟ್ಟೆಗೆ ತಂದಿತ್ತು. ಅವು ದೊಡ್ಡ ಆಸ್ಪತ್ರೆ, ಕಚೇರಿಗಳನ್ನು ದಾಟಿ ಮನೆಗೆ ಬರಲಿಲ್ಲ. 2012ರ ಅಕ್ಟೋಬರ್ 26ರಂದು ವಿಂಡೋಸ್ 8 ಬಂದಾಗ ಚಿತ್ರ ಬದಲಾಯಿತು. ಪರದೆಯನ್ನು ಮುಟ್ಟಿ ಕೆಲಸ ಮಾಡಿ ಎಂದು ಆ ವಿಂಡೋಸೇ ಹೇಳುತ್ತಿತ್ತು. ಅದರ ಜೊತೆಗೇ ಲೆನೊವೊದ ಯೋಗ ಬಂತು; ಪೂರ್ತಿ ಹಿಂದಕ್ಕೆ ಮಡಚುವ ಪರದೆಯನ್ನು ಜನ ನೋಡಿದರು. ಎರಡು ವರ್ಷದ ಬಳಿಕ ಬಂದ ಅದರ ದುಬಾರಿ ಆವೃತ್ತಿ ಯೋಗ 3 ಪ್ರೊ. ಕೈಗಡಿಯಾರದ ಚೈನಿನಂತಿದ್ದ ಅದರ ಹಿಂಜ್ ಒಂದರಲ್ಲೇ 813 ಬಿಡಿಭಾಗಗಳಿದ್ದವು. ಒಳ್ಳೆಯ ಹಿಂಜ್‌ಗೆ ಎಷ್ಟು ಕುಸುರಿ ಬೇಕು ಎಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿ.

ಆಮೇಲೆ ಅಗ್ಗದ ಅಲೆ ಬಂತು. 2015–16ರ ಹೊತ್ತಿಗೆ ಮೈಕ್ರೊಮ್ಯಾಕ್ಸ್, ಐಬಾಲ್‌ನಂಥ ಭಾರತೀಯ ಕಂಪನಿಗಳು 15 ಸಾವಿರ ರೂಪಾಯಿಯೊಳಗೆ ಕಳಚುವ, ಮಡಚುವ ವಿಂಡೋಸ್ ಯಂತ್ರಗಳನ್ನು ತಂದವು. ಇಂಟೆಲ್ ಆಟಮ್ ಚಿಪ್, 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್. ಕಾಗದದ ಮೇಲೆ ಕಂಪ್ಯೂಟರ್ ಹೌದು. ಆದರೆ ವಿಂಡೋಸ್ ದೊಡ್ಡ ಅಪ್‌ಡೇಟ್ ಬಂದಾಗ 32 ಜಿಬಿಯಲ್ಲಿ ಅದಕ್ಕೆ ಜಾಗವೇ ಉಳಿಯುತ್ತಿರಲಿಲ್ಲ. ಕೀಲು, ಪರದೆ ಎಲ್ಲ ಗಟ್ಟಿಯಾಗಿದ್ದರೂ ಜಾಗ ಸಾಲದೆ ಮೂಲೆ ಸೇರಿದ ಯಂತ್ರಗಳವು. ಅಗ್ಗದ ಲ್ಯಾಪ್‌ಟಾಪ್ ಹೊರಗಿನಿಂದ ಒಡೆಯುವ ಮೊದಲೇ ಒಳಗಿನಿಂದ ಮುದಿಯಾಗಬಲ್ಲದು. ಈಗಿನ ಯಂತ್ರ ಕೊಳ್ಳುವವರೂ ಇದನ್ನು ನೆನಪಿಡಬೇಕು.

---
ಬೆಂಗಳೂರಿನ ಪೆನ್ ಕಂಪ್ಯೂಟರ್

ಕಡಿಮೆ ಬೆಲೆಯ, ಪೆನ್ನಿನಿಂದ ಬಳಸುವ ಕಂಪ್ಯೂಟರಿನ ಕನಸು ಬೆಂಗಳೂರಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಸಂಸ್ಥೆಯ ಎಂಜಿನಿಯರ್‌ಗಳು ಸೇರಿ ರೂಪಿಸಿದ ‘ಸಿಂಪ್ಯೂಟರ್’ ಅಂಗೈಯಗಲದ ಯಂತ್ರ. ಅದು ಲಿನಕ್ಸ್ ಮೇಲೆ ಓಡುತ್ತಿತ್ತು. ಅದರ ಒಂದು ರೂಪವಾದ ‘ಅಮಿಡಾ’ವನ್ನು ಬಿಇಎಲ್ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಯಂತ್ರವನ್ನು ಕೈಯಲ್ಲಿ ಓರೆ ಮಾಡಿದರೆ ಅದರ ಚಲನೆಯನ್ನು ಗುರುತಿಸುವ ಸೆನ್ಸರ್ ಅದರಲ್ಲಿತ್ತು. ಇಂದಿನ ಕನ್ವರ್ಟಿಬಲ್ ಪರದೆ ತಿರುಗಿದ್ದನ್ನು ಅರಿಯುವುದೂ ಅಂಥದೇ ಸೆನ್ಸರಿನಿಂದ.
---

ಹಿಂಜ್ ಹತ್ತಿರ ಕಿವಿ ಇಡಿ

ಮಾಮೂಲಿ ಲ್ಯಾಪ್‌ಟಾಪಿನ ಹಿಂಜ್ ಒಂದೇ ಅಚ್ಚಿನ ಸುತ್ತ ತಿರುಗುತ್ತದೆ. ಕನ್ವರ್ಟಿಬಲ್‌ನಲ್ಲಿ ಪ್ರತಿ ಬದಿಗೂ ಎರಡು ಅಚ್ಚು: ಒಂದು ಪರದೆಯದ್ದು, ಇನ್ನೊಂದು ಕೀಬೋರ್ಡ್ ಬದಿಯದ್ದು. ಒಂದೊಂದೂ 180 ಡಿಗ್ರಿ ತಿರುಗಿ, ಎರಡೂ ಸೇರಿ 360 ಆಗುತ್ತದೆ. ಪರದೆ ನಿಲ್ಲಿಸಿದಲ್ಲೇ ನಿಲ್ಲಬೇಕಾದರೆ ಅಚ್ಚನ್ನು ಬಿಗಿಯಾಗಿ ಹಿಡಿಯುವ ವಾಷರ್‌ಗಳು ಬೇಕು, ಗ್ರೀಸ್ ಬೇಕು. ಬಿಗಿ ಹೆಚ್ಚಾದರೆ ಬಾಡಿ ಕೀಳುತ್ತದೆ, ಕಡಿಮೆಯಾದರೆ ಪರದೆ ಜೋಲುತ್ತದೆ.

‘ಹಿಂಜಸ್ ಹೋಗಿದೆ’ ಎಂದು ರಿಪೇರಿಗೆ ಬರುವ ಯಂತ್ರಗಳನ್ನು ಬಿಚ್ಚಿದಾಗ ನೋಡಬೇಕು. ಲೋಹದ ಹಿಂಜ್ ಸಾಮಾನ್ಯವಾಗಿ ನೆಟ್ಟಗೇ ಇರುತ್ತದೆ. ಕಿತ್ತು ಬಂದಿರುವುದು ಅದನ್ನು ಹಿಡಿದಿದ್ದ ಪ್ಲಾಸ್ಟಿಕ್. ಪ್ಲಾಸ್ಟಿಕ್ ಬಾಡಿಯೊಳಗೆ ಕಡಲೆ ಕಾಳಿಗಿಂತ ಸಣ್ಣ ಹಿತ್ತಾಳೆ ನಟ್‌ಗಳನ್ನು ಕೂರಿಸಿ, ಅವಕ್ಕೆ ಹಿಂಜ್‌ನ ಸ್ಕ್ರೂಗಳನ್ನು ಬಿಗಿದಿರುತ್ತಾರೆ. ಗ್ರೀಸ್ ಒಣಗುತ್ತಾ ಹಿಂಜ್ ಬಿಗಿಯಾದಂತೆ, ಪ್ರತಿ ಸಲ ತೆರೆದಾಗಲೂ ಆ ಪುಟ್ಟ ನಟ್‌ಗಳ ಮೇಲೆ ಎಳೆತ ಬೀಳುತ್ತದೆ. ಒಂದು ದಿನ ಟಪ್ ಎಂದು ಪ್ಲಾಸ್ಟಿಕ್ ಸಮೇತ ಕಿತ್ತು ಬರುತ್ತದೆ. ರಿಪೇರಿಯವರು ಅರಾಲ್ಡೈಟ್ ತುಂಬಿ ಮತ್ತೆ ಕೂರಿಸಿಕೊಡುತ್ತಾರೆ. ಅದರ ಆಯುಸ್ಸಿಗೆ ಗ್ಯಾರಂಟಿ ಇಲ್ಲ.

ಕನ್ವರ್ಟಿಬಲ್‌ನಲ್ಲಿ ಇನ್ನೂ ಒಂದು ತೊಂದರೆ. ಗಾಜು, ಟಚ್ ಪದರ, ಪರದೆ ಮೂರನ್ನೂ ಬಹುಪಾಲು ಒಂದಕ್ಕೊಂದು ಅಂಟಿಸಿರುತ್ತಾರೆ. ಹಿಂಜ್ ಬಳಿಯ ಸೆಳೆತ ಗಾಜಿಗೆ ತಲುಪಿ ಬಿರುಕು ಬಿಟ್ಟರೆ, ಗಾಜನ್ನಷ್ಟೇ ಬದಲಿಸಲು ಆಗದು, ಇಡೀ ಜೋಡಣೆಯೇ ಹೋಗಬೇಕು. ಅದರ ಬೆಲೆ ಮಾಮೂಲಿ ಪ್ಯಾನೆಲ್‌ನ ಬೆಲೆಗಿಂತ ಎಷ್ಟೋ ಹೆಚ್ಚು. ಕೊಳ್ಳುವ ಮೊದಲೇ ‘ಈ ಮಾಡೆಲ್‌ಗೆ ಟಚ್ ಪ್ಯಾನೆಲ್ ಹಾಕಿಸಲು ಎಷ್ಟಾಗುತ್ತದೆ?’ ಎಂದು ಅದೇ ರಸ್ತೆಯ ರಿಪೇರಿ ಅಂಗಡಿಯಲ್ಲಿ ಕೇಳಿ. ಆ ಉತ್ತರವನ್ನು ಯಂತ್ರದ ಬೆಲೆಯ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.

ಪರೀಕ್ಷೆಗೆ ಪ್ಯಾಕ್ ಒಡೆಯದ ಯಂತ್ರ ಬೇಡ, ಡೆಮೊ ಪೀಸ್ ಕೇಳಿ. ಹೊಸ ಹಿಂಜ್‌ಗಳೆಲ್ಲ ಚೆನ್ನಾಗಿಯೇ ಇರುತ್ತವೆ. ದಿನವಿಡೀ ಬಂದವರೆಲ್ಲ ತಿರುಗಿಸಿ ತಿರುಗಿಸಿ ನೋಡಿದ ಡೆಮೊ ಪೀಸ್, ನಿಮ್ಮ ಯಂತ್ರ ಒಂದೆರಡು ವರ್ಷದ ನಂತರ ಹೇಗಿರುತ್ತದೆ ಎಂಬುದನ್ನು ಈಗಲೇ ತೋರಿಸುತ್ತದೆ.

ಪರದೆಯ ಒಂದು ಮೂಲೆಯನ್ನು ಒಂದೇ ಬೆರಳಲ್ಲಿ ಹಿಡಿದು ತೆರೆಯಿರಿ. ಚೌಕಟ್ಟು ತಿರುಚಿದಂತೆ ಬಾಗಿದರೆ ಬಾಡಿ ತೆಳು. ನಿಧಾನವಾಗಿ ಪೂರ್ತಿ ಸುತ್ತು ತಿರುಗಿಸಿ, ಹಿಂಜ್ ಬಳಿ ಕಿವಿ ಇಡಿ. ಕಟಕಟ ಸದ್ದು ಬಂದರೆ, ಅಥವಾ ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲ ಎನಿಸಿದರೆ, ಆ ಮಾಡೆಲ್ ಬಿಟ್ಟುಬಿಡಿ. ಲ್ಯಾಪ್‌ಟಾಪ್‌ನಂತೆ ತೆರೆದಿಟ್ಟು ಪರದೆಯನ್ನು ಬೆರಳಿನಿಂದ ತಟ್ಟಿ: ತಟ್ಟಿದ ಮೇಲೂ ಓಲಾಡುತ್ತಲೇ ಇದ್ದರೆ ಟಚ್ ಇದ್ದೂ ಪ್ರಯೋಜನವಿಲ್ಲ. ಗುಡಾರದಂತೆ ನಿಲ್ಲಿಸಿ ಮೇಲಿನಿಂದ ಮೆಲ್ಲನೆ ಒತ್ತಿ. ಕಾಲು ಜಾರಿ ಚಪ್ಪಟೆಯಾದರೆ ಅಡುಗೆಮನೆಯ ಕಟ್ಟೆಯ ಮೇಲೂ ಹಾಗೆಯೇ ಜಾರುತ್ತದೆ.

ಪೂರ್ತಿ ಮಡಚಿ ಟ್ಯಾಬ್ ಮಾಡಿದಾಗ ಕೀಬೋರ್ಡ್ ಹಿಂಬದಿಗೆ ಬರುತ್ತದೆ. ಆಗ ಕೀಲಿಗಳು ಸತ್ತಂತಿರಬೇಕು. ಬೇಕೆಂದೇ ಒತ್ತಿ ನೋಡಿ, ಪರದೆಯಲ್ಲಿ ಅಕ್ಷರ ಮೂಡಬಾರದು. ಮತ್ತೆ ಲ್ಯಾಪ್‌ಟಾಪ್ ಆಗಿಸಿದ ಕೂಡಲೇ ಕೀಬೋರ್ಡ್ ಎದ್ದೇಳಬೇಕು. ಇದನ್ನು ಹಲವು ಸಲ ಮಾಡಿ. ಕೋನದ ಸೆನ್ಸರ್ ದುರ್ಬಲವಾಗಿದ್ದರೆ ಕೀಬೋರ್ಡ್ ಏಳುವುದೇ ಇಲ್ಲ, ಪರದೆ ಅಡ್ಡಡ್ಡ ತಿರುಗಿ ನಿಲ್ಲುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಹಾಗಾದರೆ ಆ ವಿದ್ಯಾರ್ಥಿಯ ಗತಿ ಏನು?

ತೂಕದ ಮಾತೂ ಇಲ್ಲೇ ಆಗಿಬಿಡಲಿ. 14 ಇಂಚಿನ ಅಗ್ಗದ ಕನ್ವರ್ಟಿಬಲ್‌ನ ತೂಕ ಒಂದೂವರೆ ಕೆಜಿ ಆಸುಪಾಸು. ಮಾಮೂಲಿ ಐಪ್ಯಾಡ್ ಅರ್ಧ ಕೆಜಿ. ಮಡಚಿದ ಯಂತ್ರವನ್ನು ಎಡ ತೋಳಿನ ಮೇಲಿಟ್ಟು, ಬಲಗೈಯಲ್ಲಿ ಬರೆಯುತ್ತಾ ಐದು ನಿಮಿಷ ನಿಂತು ನೋಡಿ. ಹಾಸಿಗೆಯಲ್ಲಿ ಮಲಗಿ ಓದುವ ಆಸೆ ಅಲ್ಲಿಗೇ ಮುಗಿಯುತ್ತದೆ. ಈ ಗಾತ್ರದ ಟ್ಯಾಬ್ ಮೇಜಿನ ಮೇಲಿಟ್ಟು ಬರೆಯಲಿಕ್ಕೆ ಇರುವುದು.

‘ರಾಷ್ಟ್ರ’ ಬರೆದು ನೋಡಿ

ಬೆರಳಿನ ಸ್ಪರ್ಶವನ್ನು ಗುರುತಿಸುವುದು ಒಂದು ವ್ಯವಸ್ಥೆ, ಪೆನ್ನಿನ ಮೊನೆಯನ್ನು ಗುರುತಿಸುವುದು ಇನ್ನೊಂದು. ಎಲ್ಲ ಟಚ್ ಪರದೆಗಳಲ್ಲೂ ಎರಡನೆಯದು ಇರುವುದಿಲ್ಲ. ಇಲ್ಲದಿದ್ದರೆ ರಬ್ಬರ್ ತುದಿಯ ನೂರು ರೂಪಾಯಿಯ ಕಡ್ಡಿಯಿಂದ ಗೀಚಬಹುದು ಅಷ್ಟೇ. ಅದು ಬೆರಳಿಗೆ ಬದಲಿ, ಪೆನ್ನಿಗೆ ಬದಲಿಯಲ್ಲ.

ನಿಜವಾದ ಪೆನ್ ನಡೆಯುವ ಪರದೆಗಳಲ್ಲೂ ಪಂಗಡಗಳಿವೆ. ಮೈಕ್ರೊಸಾಫ್ಟ್‌ನ ಎಂಪಿಪಿ, ವೇಕಮ್ ಕಂಪನಿಯ ಎಇಎಸ್, ಕ್ರೋಮ್‌ಬುಕ್‌ಗಳಲ್ಲಿ ಹೆಚ್ಚಾಗಿ ಕಾಣುವ ಯುಎಸ್‌ಐ. ಒಂದರ ಪೆನ್ ಇನ್ನೊಂದರಲ್ಲಿ ಬರೆಯುವುದಿಲ್ಲ, ಎರಡು ಪಂಗಡಕ್ಕೂ ಹೊಂದುವ ಪೆನ್‌ಗಳು ಬೇರೆಯೇ ಇವೆ. ‘ಯಾವ್ದಾದ್ರೂ ನಡೆಯುತ್ತೆ’ ಎಂಬ ಮಾತು ಮುರಿದುಬೀಳುವುದು ಇಲ್ಲೇ. ಮಾಡೆಲ್ ಸಂಖ್ಯೆ ಹಿಡಿದು ಕಂಪನಿಯ ವಿವರಪಟ್ಟಿಯಲ್ಲಿ ಯಾವ ಪೆನ್ ಎಂದು ನೋಡಿ. ಅಲ್ಲಿ ಪೆನ್ನಿನ ಸುದ್ದಿಯೇ ಇಲ್ಲದಿದ್ದರೆ, ಆ ಪರದೆಯಲ್ಲಿ ಪೆನ್ ಇಲ್ಲ ಎಂದೇ ಭಾವಿಸಿ. ಕೆಲವು ಪೆನ್‌ಗಳಿಗೆ ರಿಮೋಟಿನ ಸೆಲ್ಲಿಗಿಂತಲೂ ಸಪೂರವಾದ, ನಾಲ್ಕು ‘ಎ’ಗಳ ಸೆಲ್ ಬೇಕು. ಅದು ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸಿಗುವುದು ಕಷ್ಟ. ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವ ಪೆನ್ ಇದ್ದರೆ ಒಳ್ಳೆಯದು.

ಅಂಗಡಿಯಲ್ಲಿ ಪೆನ್ ಕೈಗೆ ಸಿಕ್ಕರೆ, ಮೊನೆಯನ್ನು ಪರದೆಗೆ ತಾಗಿಸದೆ ಸ್ವಲ್ಪ ಮೇಲೆ ಹಿಡಿಯಿರಿ. ಪರದೆಯಲ್ಲಿ ಪುಟ್ಟ ಚುಕ್ಕೆ ಮೂಡಿ ಮೊನೆಯನ್ನು ಹಿಂಬಾಲಿಸಿದರೆ ಅದು ನಿಜವಾದ ಪೆನ್ ವ್ಯವಸ್ಥೆ. ಆಮೇಲೆ ಒಂದು ಸ್ಕೇಲ್ ಇಟ್ಟು, ಮೂಲೆಯಿಂದ ಮೂಲೆಗೆ ಓರೆಯಾಗಿ, ಬಹಳ ನಿಧಾನಕ್ಕೆ ಗೆರೆ ಎಳೆಯಿರಿ. ಅಗ್ಗದ ಪರದೆಗಳ ಬಣ್ಣ ಬಯಲಾಗುವುದು ಆಗಲೇ: ಸ್ಕೇಲ್ ನೆಟ್ಟಗಿದ್ದರೂ ಗೆರೆ ಅಲೆಅಲೆಯಾಗಿ ಬರುತ್ತದೆ. ಬೇಗ ಎಳೆದರೆ ಇದು ಕಾಣುವುದಿಲ್ಲ, ನಿಧಾನವೇ ಮುಖ್ಯ.

ಇಂಗ್ಲಿಷ್ ಬರೆಯುವವರಿಗೆ ಇಲ್ಲದ ಒಂದು ಪರೀಕ್ಷೆ ನಮಗೆ ಸಿಕ್ಕಿದೆ. ನೋಟ್‌ಬುಕ್ಕಿನಲ್ಲಿ ಬರೆಯುವಷ್ಟೇ ಗಾತ್ರದಲ್ಲಿ ‘ರಾಷ್ಟ್ರ’, ‘ಲಕ್ಷ್ಮಿ’, ‘ಸ್ವಾತಂತ್ರ್ಯ’ ಎಂದು ಬರೆಯಿರಿ. ಅಂಗೈಯನ್ನು ಪರದೆಯ ಮೇಲೆ ಊರಿಯೇ ಬರೆಯಿರಿ. ಒತ್ತಕ್ಷರಗಳ ಸಣ್ಣ ಸುರುಳಿಗಳು ಬಿಡಿಬಿಡಿಯಾಗಿ ಕಂಡರೆ ಪೆನ್ ಒಳ್ಳೆಯದು. ಅವೆಲ್ಲ ಕೂಡಿಕೊಂಡು ಮುದ್ದೆಯಾದರೆ, ಅಥವಾ ಅಂಗೈ ತಾಗಿದಲ್ಲೆಲ್ಲ ಗೆರೆ ಬಿದ್ದರೆ, ಆ ಯಂತ್ರದಲ್ಲಿ ನೋಟ್ಸ್ ಬರೆಯುವ ಆಸೆ ಬಿಡಿ. ಪೆನ್ನಿನ ಒತ್ತಡದ ಮಟ್ಟ 4096 ಎಂದು ಜಾಹೀರಾತಿನಲ್ಲಿ ಎಷ್ಟೇ ಹೇಳಲಿ, ನಮಗೆ ಬೇಕಾದ ಉತ್ತರ ಈ ಮೂರು ಪದಗಳಲ್ಲಿದೆ.

ಪರದೆಯ ಹೊಳಪನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಅಳೆಯಬೇಡಿ. ಬಾಗಿಲ ಬಳಿಗೆ ಒಯ್ಯಿರಿ. ಈ ಬೆಲೆಯ ಪರದೆಗಳ ಹೊಳಪು ಸಾಮಾನ್ಯವಾಗಿ 250 ನಿಟ್ಸ್. ಮಾಮೂಲಿ ಲ್ಯಾಪ್‌ಟಾಪಿನ ಮಂದ ಮೇಲ್ಮೈಗೆ ಅದು ಸಾಕಾಗಬಹುದು. ಟಚ್‌ನ ಗಾಜಿನಲ್ಲಿ ಪಾಠಕ್ಕಿಂತ ಕಿಟಕಿಯ ಪ್ರತಿಬಿಂಬವೇ ಎದ್ದು ಕಾಣುತ್ತದೆ. 300 ದಾಟಿದರೆ ಒಳ್ಳೆಯದು. ಪರದೆಯನ್ನು ಉದ್ದುದ್ದ ಹಿಡಿದು ಎಡದಿಂದ, ಬಲದಿಂದ, ಕೆಳಗಿನಿಂದ ನೋಡಿ. ಬಣ್ಣ ತಿರುಗಿ ಮುಖಗಳು ಕಪ್ಪಾದರೆ ಅದು ಹಳೆಯ ಟಿಎನ್ ಪ್ಯಾನೆಲ್. ಎಲ್ಲ ಕೋನದಿಂದ ಬಳಸಬೇಕಾದ ಯಂತ್ರಕ್ಕೆ ಐಪಿಎಸ್ ಇಲ್ಲದಿದ್ದರೆ ಅರ್ಥವೇ ಇಲ್ಲ.

ಆಮೇಲೆ ಬದಲಿಸಲಾಗದ್ದು

ರ‍್ಯಾಮ್ ಆಮೇಲೆ ಹಾಕಿಸಿದರಾಯಿತು ಎಂಬುದು ಹಳೆಯ ಕಾಲದ ಸಲಹೆ. ತೆಳುವಾದ ಕನ್ವರ್ಟಿಬಲ್‌ಗಳಲ್ಲಿ ರ‍್ಯಾಮ್ ಚಿಪ್‌ಗಳನ್ನು ಬಹುತೇಕ ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಡೆಮೊ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಮೇಲೆ ಒತ್ತಿ. ‘ಫಾರ್ಮ್ ಫ್ಯಾಕ್ಟರ್’ ಎಂಬ ಸಾಲಿನ ಎದುರು ‘ರೋ ಆಫ್ ಚಿಪ್ಸ್’ ಎಂದಿದ್ದರೆ ಅದು ಬೆಸುಗೆ ಹಾಕಿದ್ದು. ಇನ್ನೊಂದು ಸ್ಲಾಟ್ ಖಾಲಿ ಇದೆಯೇ ಎಂಬುದನ್ನು ಕಂಪನಿಯ ವಿವರಪಟ್ಟಿಯಲ್ಲಿ ನೋಡಿ. ಇಲ್ಲದಿದ್ದರೆ ಇಂದು ಕೊಂಡಷ್ಟೇ ರ‍್ಯಾಮ್, ಯಂತ್ರ ಇರುವವರೆಗೂ.

ವಿಂಡೋಸ್ 11 ಕೇಳುವ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಅಷ್ಟೇ ಇರುವ ಯಂತ್ರ ಶುರುವಾಗುತ್ತದೆ, ಓಡುವುದಿಲ್ಲ. 8 ಜಿಬಿಗಿಂತ ಕೆಳಗೆ ಯಾವ ಕಾರಣಕ್ಕೂ ಇಳಿಯಬೇಡಿ. ನಾಲ್ಕು ವರ್ಷದ ಕೋರ್ಸ್ ಆದರೆ 16 ಇರುವುದನ್ನೇ ಹುಡುಕಿ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ಸಿಕ್ಕಿ ರ‍್ಯಾಮ್ ಬೆಲೆ ಏರಿದೆ, ಹಾಗಾಗಿ ಅಗ್ಗದ ಮಾಡೆಲ್‌ಗಳಲ್ಲಿ ಮೊದಲ ಕತ್ತರಿ ಬೀಳುವುದು ಇಲ್ಲೇ. ಎಚ್ಚರ ಬೇಕು.

ಸ್ಟೋರೇಜ್‌ನಲ್ಲಿ ಗಾತ್ರದ ಜೊತೆಗೆ ಜಾತಿಯನ್ನೂ ಕೇಳಬೇಕು. ಇಎಂಎಂಸಿ ಎಂದರೆ ಮೊಬೈಲಿನಿಂದ ಬಂದ, ಬೋರ್ಡಿಗೆ ಬೆಸೆದ ಚಿಪ್, ಅದರ 5.1 ಆವೃತ್ತಿಯ ವೇಗದ ಮಿತಿಯೇ ಸೆಕೆಂಡಿಗೆ 400 ಎಂಬಿ. ಎನ್‌ವಿಎಂಇ ಎಸ್‌ಎಸ್‌ಡಿ ಹಳೆಯ ತಲೆಮಾರಿನದ್ದಾದರೂ 3,000 ದಾಟಬಲ್ಲದು, ಬಹುಪಾಲು ಬಿಚ್ಚಿ ಬದಲಿಸಲೂ ಬರುತ್ತದೆ. ‘128 ಜಿಬಿ’ ಎಂದಷ್ಟೇ ಬರೆದು ಯಾವುದೆಂದು ಹೇಳದಿದ್ದರೆ ಇಎಂಎಂಸಿ ಎಂದು ಅನುಮಾನಿಸುವುದು ಕ್ಷೇಮ.

---
ಹೆಸರು ಒಂದೇ, ಎಂಜಿನ್ ಬೇರೆ

‘ಐ3 ಸಾರ್’ ಎಂದರೆ ಸಾಲದು, ಪೂರ್ತಿ ಸಂಖ್ಯೆ ಕೇಳಿ. ಇಂಟೆಲ್‌ನ ಐ3-1315ಯುನಲ್ಲಿ ಎರಡು ಬಲಶಾಲಿ ಕೋರ್, ನಾಲ್ಕು ಮಿತವ್ಯಯದ ಕೋರ್‌ಗಳಿವೆ. ಐ3-ಎನ್305ರಲ್ಲಿರುವ ಎಂಟೂ ಮಿತವ್ಯಯದವೇ. ಹಳೆಯ ಸೆಲೆರಾನ್ ಎನ್4020ರಲ್ಲಿ ಇರುವುದು ಎರಡೇ ಕೋರ್, ಅದನ್ನು ದೂರವಿಡಿ. ಎಎಂಡಿಯ ರೈಜನ್ 7000 ಸರಣಿಯಲ್ಲಿ ಮೂರನೆಯ ಅಂಕಿ ನೋಡಿ. 7520ಯು ಎಂದಿದ್ದರೆ ಆ ‘2’ ಎಂಬುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ. 7530ಯು ಎಂದಿದ್ದರೆ ಝೆನ್ 3. ಹತ್ತರ ವ್ಯತ್ಯಾಸ ಎನಿಸಿದರೂ ಒಳಗೆ ಒಂದು ತಲೆಮಾರೇ ಬೇರೆ.

512ರಲ್ಲಿ ಉಳಿದದ್ದು ಎಲ್ಲಿ?

512 ಜಿಬಿ ಎಂದು ಕೊಂಡ ಡಿಸ್ಕ್ ವಿಂಡೋಸ್‌ನಲ್ಲಿ 476 ಎಂದು ತೋರಿಸುತ್ತದೆ. ಯಾರೂ ಕದ್ದಿಲ್ಲ. ಕಂಪನಿಗಳು ಒಂದು ಜಿಬಿಗೆ 100 ಕೋಟಿ ಬೈಟ್ ಎಂದು ಎಣಿಸುತ್ತವೆ, ವಿಂಡೋಸ್ 107 ಕೋಟಿಗೂ ಹೆಚ್ಚು ಎಂದು ಎಣಿಸುತ್ತದೆ.
---

ಯಾರಿಗೆ ಬೇಕು, ಯಾರಿಗೆ ಬೇಡ

ನನ್ನ ಅಭಿಪ್ರಾಯ ನೇರವಾಗಿ ಹೇಳುವುದಾದರೆ, ವಾರದಲ್ಲಿ ಬಹುಪಾಲು ದಿನ ಪೆನ್ ಹಿಡಿದು ಬರೆಯುವವರಿಗೆ ಮಾತ್ರ ಅಗ್ಗದ ಕನ್ವರ್ಟಿಬಲ್ ಲಾಭ. ಆನ್‌ಲೈನ್‌ನಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು, ಪಿಡಿಎಫ್ ಮೇಲೆಯೇ ಗುರುತು ಮಾಡಿ ಓದುವ ವೈದ್ಯ ವಿದ್ಯಾರ್ಥಿ, ಸಮೀಕರಣಗಳನ್ನು ಟೈಪಿಸಲಾಗದೆ ಒದ್ದಾಡುವ ಎಂಎಸ್ಸಿ ಗಣಿತದ ಹುಡುಗಿ. ಇವರಿಗೆ ಇದು ನೋಟ್‌ಬುಕ್, ಕಪ್ಪುಹಲಗೆ ಎರಡೂ ಆಗುತ್ತದೆ. ತರಗತಿಯಲ್ಲಿ ಪ್ರೊಜೆಕ್ಟರಿಗೆ ಜೋಡಿಸಿ, ಮಕ್ಕಳಿಗೆ ಬೆನ್ನು ತಿರುಗಿಸದೆ ಬರೆಯುತ್ತಾ ಪಾಠ ಮಾಡುವ ಅನುಕೂಲ ಯಾವ ಮಾಮೂಲಿ ಲ್ಯಾಪ್‌ಟಾಪಿನಲ್ಲೂ ಇಲ್ಲ.

ಬಿ.ಕಾಂ., ಬಿಸಿಎ, ಕೋಡಿಂಗ್, ಟ್ಯಾಲಿ ಇಷ್ಟಕ್ಕೇ ಆದರೆ ಅದೇ ದುಡ್ಡಿಗೆ ಮಾಮೂಲಿ ಲ್ಯಾಪ್‌ಟಾಪ್ ತೆಗೆದುಕೊಳ್ಳಿ. ಒಂದು ದರ್ಜೆ ಮೇಲಿನ ಪ್ರೊಸೆಸರ್, ದುಪ್ಪಟ್ಟು ರ‍್ಯಾಮ್ ಸಿಗುವ ಸಾಧ್ಯತೆ ಹೆಚ್ಚು. ಆಗಾಗ ಬರೆಯಬೇಕಾದರೆ ಅದಕ್ಕೆ ಯುಎಸ್‌ಬಿ ಪೆನ್ ಟ್ಯಾಬ್ಲೆಟ್ ಜೋಡಿಸಬಹುದು. ಪರದೆ ಇಲ್ಲದ ಆ ಹಲಗೆಯ ಮೇಲೆ ಬರೆದದ್ದು ಲ್ಯಾಪ್‌ಟಾಪಿನಲ್ಲಿ ಮೂಡುತ್ತದೆ. ಕೈಗೂ ಕಣ್ಣಿಗೂ ಹೊಂದಾಣಿಕೆ ಬರಲು ಕೆಲವು ದಿನ ಬೇಕು, ಆಮೇಲೆ ತೊಂದರೆಯಿಲ್ಲ.

ಆರ್ಕಿಟೆಕ್ಚರ್ ಸೇರುವ ಮಕ್ಕಳ ವಿಷಯ ಬೇರೆ. ಮೊದಲ ವರ್ಷದ ಚಿತ್ರಗಳಿಗೆ ಪೆನ್ ಇಷ್ಟವಾಗುತ್ತದೆ, ನಿಜ. ಮುಂದೆ ರೆವಿಟ್, ರೆಂಡರಿಂಗ್ ಬಂದಾಗ ಪ್ರತ್ಯೇಕ ಗ್ರಾಫಿಕ್ಸ್ ಚಿಪ್, 16 ಜಿಬಿ ರ‍್ಯಾಮ್ ಬೇಕೇ ಬೇಕು. 50 ಸಾವಿರದ ಕನ್ವರ್ಟಿಬಲ್‌ನಲ್ಲಿ ಅವೆರಡೂ ಒಟ್ಟಿಗೆ ಇರುವುದಿಲ್ಲ. ‘ಬರೀಬಹುದೇನಪ್ಪಾ’ ಎಂದು ಕೇಳುವ ಅಪ್ಪನಿಗೆ ಅಂಗಡಿಯವರು ಇದನ್ನು ಹೇಳಬೇಕಿತ್ತು.

ಇನ್ನೂ ಅಗ್ಗಕ್ಕೆ ಸಿಗುವ ಕನ್ವರ್ಟಿಬಲ್‌ಗಳು ಹೆಚ್ಚಾಗಿ ಕ್ರೋಮ್‌ಬುಕ್‌ಗಳು. ಓದುವ ಮಕ್ಕಳಿಗೆ ಕೆಟ್ಟದ್ದೇನಲ್ಲ, ಬ್ಯಾಟರಿಯೂ ಬಾಳುತ್ತದೆ. ಆದರೆ ವಿಂಡೋಸ್‌ನ ಆಟೊಕ್ಯಾಡ್, ಟ್ಯಾಲಿ ಅದರಲ್ಲಿ ಕೂರುವುದಿಲ್ಲ. 2021ರಿಂದೀಚಿನ ಮಾಡೆಲ್‌ಗಳಿಗೆ 10 ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಘೋಷಿಸಿದೆ. ಆ 10 ವರ್ಷದ ಎಣಿಕೆ ನೀವು ಕೊಂಡ ದಿನದಿಂದ ಅಲ್ಲ, ಆ ಯಂತ್ರದ ಮೂಲ ವಿನ್ಯಾಸ ಹೊರಬಂದ ದಿನದಿಂದ.

ಬೆಲೆಯನ್ನು ವರ್ಷಕ್ಕೆ ಹಂಚಿ ನೋಡುವುದು ಒಳ್ಳೆಯ ಅಭ್ಯಾಸ. 48 ಸಾವಿರದ ಯಂತ್ರ ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 12 ಸಾವಿರ. 32 ಸಾವಿರದ್ದು ಎರಡೇ ವರ್ಷಕ್ಕೆ ಕೈಕೊಟ್ಟರೆ ವರ್ಷಕ್ಕೆ 16 ಸಾವಿರ. ಎಂಆರ್‌ಪಿ ಮೇಲೆ ಎಷ್ಟು ರಿಯಾಯಿತಿ ಕೊಟ್ಟರು ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಹಳೆಯದರಲ್ಲಿ ಹೊಸದಕ್ಕಿಂತ ಗಟ್ಟಿ

ಬೆಂಗಳೂರಿನವರಿಗೆ ಇನ್ನೊಂದು ದಾರಿಯಿದೆ. ಐಟಿ ಕಂಪನಿಗಳು ಬಾಡಿಗೆ ಅವಧಿ ಮುಗಿದ ಮೇಲೆ ಬಿಟ್ಟುಕೊಡುವ ಲ್ಯಾಪ್‌ಟಾಪ್‌ಗಳು ಎಸ್.ಪಿ. ರೋಡಿಗೆ ಬರುತ್ತವೆ. ಅವುಗಳಲ್ಲಿ ಥಿಂಕ್‌ಪ್ಯಾಡ್ ಎಕ್ಸ್1 ಯೋಗ, ಎಲೈಟ್‌ಬುಕ್ ಎಕ್ಸ್360, ಲ್ಯಾಟಿಟ್ಯೂಡ್ 2-ಇನ್-1ನಂಥ ಕನ್ವರ್ಟಿಬಲ್‌ಗಳೂ ಇರುತ್ತವೆ. ಹೊಸದಾಗಿದ್ದಾಗ ಲಕ್ಷ ದಾಟಿದ ಯಂತ್ರಗಳವು. ಬಾಡಿ ಗಟ್ಟಿ, ಹಿಂಜ್ ಗಟ್ಟಿ. ಎಕ್ಸ್1 ಯೋಗದಲ್ಲಂತೂ ಪೆನ್ ಬಾಡಿಯೊಳಗೇ ಕೂತಿರುತ್ತದೆ. ಪೆನ್ನಿಗಾಗಿ ಕನ್ವರ್ಟಿಬಲ್ ಬೇಕೆನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಆದರೆ ಮೂರು ವಿಷಯ ನೋಡದೆ ದುಡ್ಡು ಕೊಡಬೇಡಿ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ತಲೆಮಾರು ಅಥವಾ ಆಮೇಲಿನ ಪ್ರೊಸೆಸರ್ ಬೇಕು. 7ನೇ ತಲೆಮಾರಿನದು ಎಷ್ಟೇ ಹೊಳೆಯುತ್ತಿದ್ದರೂ ಬೇಡ. ಯಂತ್ರವನ್ನು ಆಫ್ ಮಾಡಿ ಆನ್ ಮಾಡುವಾಗ ಬಯೋಸ್ ತೆರೆಯಿರಿ, ಹಳೆಯ ಕಂಪನಿಯ ಪಾಸ್‌ವರ್ಡ್ ಕೇಳಿದರೆ ವಾಪಸ್ ಇಡಿ. ಮೂರನೆಯದು ಬ್ಯಾಟರಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ’ ಆಜ್ಞೆಗೆ ಓರೆಗೆರೆ ಹಾಕಿ ‘ಬ್ಯಾಟರಿರಿಪೋರ್ಟ್’ ಎಂದು ಸೇರಿಸಿ ಓಡಿಸಿದರೆ ಒಂದು ವರದಿ ಬರುತ್ತದೆ. ಅದರಲ್ಲಿ ಬ್ಯಾಟರಿಯ ಮೂಲ ಸಾಮರ್ಥ್ಯವೂ ಈಗ ಪೂರ್ತಿ ಚಾರ್ಜ್ ಆದಾಗ ಹಿಡಿಯುವ ಪ್ರಮಾಣವೂ ಎದುರುಬದುರು ಇರುತ್ತವೆ. ಮೂಲ 50, ಈಗ 31 ಎಂದಿದ್ದರೆ ಶೇ 62 ಮಾತ್ರ ಉಳಿದಿದೆ. ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಳೆಯಿಸಿಕೊಳ್ಳಿ.

ಬಿಲ್ ಬರೆಯುವಾಗ

ಹೊಸ ಯಂತ್ರಕ್ಕೆ ಒಂದು ವರ್ಷದ ವಾರಂಟಿ ಇರುತ್ತದೆ. ಅದು ತಯಾರಿಕೆಯ ದೋಷಕ್ಕೆ. ಕಿತ್ತ ಹಿಂಜ್ ಒಯ್ದಾಗ ಸರ್ವೀಸ್ ಸೆಂಟರಿನಲ್ಲಿ ‘ಫಿಸಿಕಲ್ ಡ್ಯಾಮೇಜ್’ ಎಂದು ಬರೆದು ಕೈತೊಳೆದುಕೊಳ್ಳುವುದು ಬಲು ಸಾಮಾನ್ಯ. ಗಾಜು, ಹಿಂಜ್ ಎರಡೂ ಇರುವ ಯಂತ್ರಕ್ಕೆ ಆಕಸ್ಮಿಕ ಹಾನಿಯ ರಕ್ಷಣೆಯನ್ನು ಪ್ರತ್ಯೇಕವಾಗಿ ಕೊಳ್ಳುವುದು ಬ್ಯಾಗು, ಮೌಸ್‌ಗಳ ಉಚಿತ ಕೊಡುಗೆಗಿಂತ ಎಷ್ಟೋ ಮೇಲು. ಅದರ ಷರತ್ತಿನಲ್ಲಿ ಹಿಂಜ್ ಎಂಬ ಪದ ಎಲ್ಲಿದೆ ಎಂದು ಹುಡುಕಿ ಓದಿ. ಸರ್ವೀಸ್‌ನವರು ಮನೆಗೇ ಬರುತ್ತಾರೋ, ನಾವೇ ಒಯ್ಯಬೇಕೋ ಎಂಬುದನ್ನೂ ಕೇಳಿ. ಹಳ್ಳಿಯಲ್ಲಿರುವವರಿಗೆ ಇದು ಸಣ್ಣ ವಿಷಯವಲ್ಲ.

ಬಿಲ್‌ನಲ್ಲಿ ಪೂರ್ತಿ ಮಾಡೆಲ್ ಸಂಖ್ಯೆ, ಸೀರಿಯಲ್ ನಂಬರ್, ಶೇ 18 ಜಿಎಸ್‌ಟಿ ಇರಲಿ. ‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ ಸಾರ್’ ಎಂಬ ಮಾತಿಗೆ ಒಪ್ಪಿದರೆ ವಾರಂಟಿಯೂ ದೂರಿನ ಹಕ್ಕೂ ಎರಡೂ ದುರ್ಬಲವಾಗುತ್ತವೆ.

---
ದೂರು ಎಲ್ಲಿ?

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು.
---

ಮನೆಗೆ ತಂದ ಮೇಲೆ ಪೆಟ್ಟಿಗೆ ಒಡೆಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಅಂದೇ ಬ್ಯಾಟರಿ ವರದಿ ತೆಗೆದು, ರ‍್ಯಾಮ್ ಮತ್ತು ಡಿಸ್ಕ್‌ನ ಸ್ಕ್ರೀನ್‌ಶಾಟ್ ಜೊತೆಗೆ ಬಿಲ್‌ನ ಫೋಟೊ ಸೇರಿಸಿ ಇಟ್ಟುಕೊಳ್ಳಿ. ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ಸತ್ತ ಚುಕ್ಕೆಗಳಿವೆಯೇ ನೋಡಿ. ಹಿಂಜ್, ಪೆನ್, ಕೀಬೋರ್ಡ್ ಪರೀಕ್ಷೆಗಳನ್ನು ನಿಮ್ಮದೇ ಯಂತ್ರದಲ್ಲಿ ಇನ್ನೊಮ್ಮೆ ಮಾಡಿ. ಆನ್‌ಲೈನ್‌ನಲ್ಲಿ ತರಿಸಿದ್ದರೆ ವಾಪಸಾತಿಯ ಗಡುವು ಎಷ್ಟು ದಿನ ಎಂದು ಆರ್ಡರ್ ಪುಟದಲ್ಲೇ ಇರುತ್ತದೆ; ಅಂಗಡಿಯಲ್ಲಿ ಕೊಂಡಿದ್ದರೆ ಬದಲಿ ಯಂತ್ರ ಎಷ್ಟು ದಿನದೊಳಗೆ ಕೊಡುತ್ತಾರೆ ಎಂಬುದನ್ನು ಬಿಲ್ ಹಿಂಭಾಗದಲ್ಲಿ ಬರೆಸಿಕೊಂಡು ಬನ್ನಿ. ಆ ಗಡುವಿನೊಳಗೆ ಹೋದರೆ ಬೇರೆ ಯಂತ್ರ ಕೇಳಬಹುದು, ಆಮೇಲೆ ಹೋದರೆ ಸರ್ವೀಸ್ ಸೆಂಟರಿನ ವಿಳಾಸ ಬರೆದುಕೊಡುತ್ತಾರೆ.